ಅನ್ನ ಬೇಯುವಷ್ಟು ಹಾಡು

ಜುರಾಂಗ್ ಈಸ್ಟ್, ಸಿಂಗಪುರ
11 ಮಾರ್ಚ್ 2007

ಚಿ. ಹಯಗ್ರೀವನಿಗೆ ನಿನ್ನ ಭಾವ ಸೇತುರಾಮನ ಆಶೀರ್ವಾದಗಳು. ಬೇಡವಾದರೆ ಹಿಂದಕ್ಕೆ ಕಳಿಸು, ಇಲ್ಲಿ ಬೇರೆ ಯಾರಿಗಾದರೂ ಮಾಡುತ್ತೇನೆ.

ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು. ನಾವು ಮಗಳ ಮನೆಗೆ ಹೊರಟ ದಿನ ಮೈಸೂರು ಸ್ಟೇಷನ್ನಿನಲ್ಲಿ, ನಿನ್ನ ಅಕ್ಕ ಜಲಜಾ ಕಿಟಕಿ ಪಕ್ಕ ಕೂತಿದ್ದಾಗ, "ಅಕ್ಕನ್ನ ಇಲ್ಲೇ ಬಿಟ್ಟುಹೋಗಿ ಭಾವ, ಆ ಊರಲ್ಲಿ ಅವಳಿಗೆ ಯಾರು ಗೊತ್ತು?" ಅಂತ ನೀನು ಕೇಳಿದೆ. "ನಾನು ಗೊತ್ತು" ಅಂದೆ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟವನ ಉತ್ತರ ಅದು, ತಪ್ಪಾಗಲು ಸಾಧ್ಯವೇ ಇಲ್ಲ ಅಂತ ನಂಬಿದ್ದೆ. ನೀನು ರಿಟೈರಾದ ರೈಲ್ವೆ ಗಾರ್ಡ್ ಆದರೂ ಹಸಿರು ಬಾವುಟ ತೋರಿಸಲಿಲ್ಲ. ಗಾಡಿ ಹೊರಟಿತು.

ಫೋನು ಯಾಕೆ ಮಾಡಲಿಲ್ಲ ಅಂದರೆ, ಒಂದು, ನಿನಗೆ ಕಿವಿ ಕೇಳಿಸುವುದಿಲ್ಲ. ಎರಡು, ಈ ಫ್ಲ್ಯಾಟಿನಲ್ಲಿ ಫೋನು ಮಾಡಿದರೆ ಅವಳಿಗೆ ಕೇಳಿಸುತ್ತದೆ.

ವಿಷಯ ಇಷ್ಟು. ನಿಮ್ಮ ಅಮ್ಮ ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ಹಾಡು ಹೇಳಿಕೊಂಡು ಅನ್ನ ಬೇಯಿಸುತ್ತಿದ್ದರಲ್ಲ, ಅದನ್ನೇ ಜಲಜಾ ನಲವತ್ತೈದು ವರ್ಷದಿಂದ ನನ್ನ ತಲೆಮೇಲೆ ಹಾಡುತ್ತಿದ್ದಾಳೆ. "ಅಕ್ಕಿ ತೊಳೆದೆ ನೀರನಿಟ್ಟೆ ಏಳು ಬಾರೊ ರಂಗಯ್ಯ" ಅಂತ ಮೊದಲನೇ ನುಡಿ, ಕುದಿ ಬರುವವರೆಗೆ. "ನೊರೆಯು ಬಂತು ಮುಚ್ಚಳ ಸರಿಸು" ಅಂತ ಎರಡನೆಯದು, ನೊರೆ ಇಳಿಯುವವರೆಗೆ. ಮೂರನೆಯದು ಮುಗಿದರೆ ಅನ್ನ ಬೆಂದಿದೆ, ಬಸಿಯಬಹುದು. ಆ ಮೂರನೇ ನುಡಿ ಅವಳಿಗೆ ಮರೆತುಹೋಗಿದೆ. ಎರಡನೆಯದು ಮುಗಿದ ಕೂಡಲೇ ಮತ್ತೆ ಅಕ್ಕಿ ತೊಳೆದೆ ಅಂತ ಶುರುಮಾಡುತ್ತಾಳೆ. ರಂಗಯ್ಯ ಬೆಳಗ್ಗೆಯಿಂದ ಏಳುತ್ತಲೇ ಇದ್ದಾನೆ. ಅನ್ನ ಮೊದಲು ಗಂಜಿಯಾಯಿತು, ಆಮೇಲೆ ಅಂಟಾಯಿತು, ಹೋದ ಮಂಗಳವಾರ ಇದ್ದಿಲಾಯಿತು. ಹೊಗೆ ನೋಡಿ ಎದುರು ಮನೆಯ ಚೀನೀ ಆಂಟಿ ಬಾಗಿಲು ಬಡಿದರು. ನಾನು ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದಡಿಯ ತೆರೆದ ಜಗಲಿಯಲ್ಲಿ, ಪೇಪರ್ ಓದುತ್ತಿದ್ದೆ.

ಟೈಮರ್ ತಂದೆವು. ಅದು ಕಿಣಿಕಿಣಿ ಅಂದರೆ ಅವಳು ಫೋನು ಎತ್ತಿ, ಯಾರೂ ಮಾತಾಡುತ್ತಿಲ್ಲವಲ್ಲ ಪಾಪ, ಅಂತ ಇಡುತ್ತಾಳೆ. ನಾನು ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತೆ. ಅಡುಗೆಮನೆಯಲ್ಲಿ ಗಂಡಸರಿಗೆ ಏನು ಕೆಲಸ ಅಂತ ಓಡಿಸಿದಳು. ಡಾಕ್ಟರು ಇದಕ್ಕೊಂದು ಹೆಸರು ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಒಳ್ಳೆಯ ಉದ್ದನೆ ಹೆಸರು, ಬರೆಯಲು ಮನಸ್ಸಿಲ್ಲ.

ನಮ್ಮ ವಿಭಾ ಒಂದೇ ಮಾತು ಹೇಳಿದ್ದಾಳೆ, ಇನ್ನೊಂದು ಸಲ ಹೀಗಾದರೆ ಗ್ಯಾಸು ಬಂದ್. ಮಗಳು ಹೇಳುವುದು ಸರಿ. ಆದರೆ ಹಯಗ್ರೀವ, ಹಾಲಿನಲ್ಲಿ ಕೂತಾಗ ಜಲಜಾ ನನ್ನನ್ನು, ಊಟ ಮಾಡಿಕೊಂಡೇ ಹೋಗುತ್ತೀರಾ, ಅಂತ ಮರ್ಯಾದೆಯಿಂದ ಕೇಳುತ್ತಾಳೆ. ಒಲೆ ಮುಂದೆ ನಿಂತಾಗ ಮಾತ್ರ ಗಂಡ ಅಂತ ಗುರುತು ಹಿಡಿದು ಬಯ್ಯುತ್ತಾಳೆ. ಆ ಒಲೆ ಹೋದರೆ ನಾನು ಈ ಮನೆಗೆ ಬಂದ ಅತಿಥಿ, ಅಷ್ಟೆ. ಹಾಗಾಗಿ ಸ್ಟೇಷನ್ನಿನಲ್ಲಿ ಕೊಟ್ಟ ಉತ್ತರವನ್ನು ವಾಪಸು ತೆಗೆದುಕೊಂಡು ಕೇಳುತ್ತಿದ್ದೇನೆ, ಆ ಮೂರನೇ ನುಡಿ ಬರೆದು ಕಳಿಸು.

ಇತಿ,
ಸೇತುರಾಮ

---

ಚಾಮರಾಜಪುರಂ, ಮೈಸೂರು
29-3-2007

ತೀರ್ಥರೂಪ ಸಮಾನರಾದ ಭಾವನವರಿಗೆ ಹಯಗ್ರೀವನ ಸಾಷ್ಟಾಂಗ ನಮಸ್ಕಾರಗಳು. ಮಂಡಿ ನೋವಿರುವುದರಿಂದ ಎಂಟು ಅಂಗಗಳಲ್ಲಿ ಆರನ್ನು ಮಾತ್ರ ಕಳಿಸಿದ್ದೇನೆ.

ತಮ್ಮ 11ನೇ ತಾರೀಖಿನ ಪತ್ರ 24ಕ್ಕೆ ತಲುಪಿತು. ಕೇಳಿರುವ ಮೂರನೇ ನುಡಿ ನನ್ನ ಬಳಿ ಇಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ. ಅಕ್ಕಿಹೆಬ್ಬಾಳಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪ ಸ್ಟೇಷನ್ ಮಾಸ್ಟರಾಗಿದ್ದಾಗ ಅಮ್ಮ ಮಡಿಯುಟ್ಟು ಅಡುಗೆಗೆ ನಿಂತರೆ ಗಂಡುಹುಡುಗರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮೊದಲೆರಡು ನುಡಿ ಗೋಡೆಯಾಚೆಯಿಂದ ಕೇಳಿದ ನೆನಪಿದೆ. ಮೂರನೆಯದರ ಹೊತ್ತಿಗೆ ಹನ್ನೊಂದರ ಗಾಡಿ ಬರುತ್ತಿತ್ತು. ಅದರ ಸದ್ದಿನಲ್ಲಿ ನನಗೆ ಒಂದು ದಿನವೂ ಪದ ಕೇಳಿಸಿಲ್ಲ. ಒಳಗಿದ್ದವಳು ಅಕ್ಕ ಒಬ್ಬಳೇ.

ಬೆಂಗಳೂರಿನ ಅಲಮೇಲು ಚಿಕ್ಕಮ್ಮನಿಗೆ ಗೊತ್ತಿರಬಹುದೆಂದು ಖುದ್ದಾಗಿ ಹೋಗಿ ವಿಚಾರಿಸಿದೆ. ಅವರು ಪ್ರೆಶರ್ ಕುಕ್ಕರಿನವರು. ಮೂರು ಕೂಗು ಎಂದರು.

ಅಕ್ಕನಿಗೆ ನನ್ನ ನೆನಪಿದೆಯೇ ಎಂದು ಕೇಳುವುದಿಲ್ಲ. ತಾವೂ ತಿಳಿಸುವುದು ಬೇಡ.

ತಮ್ಮ ವಿಧೇಯ,
ಹಯಗ್ರೀವ

---

ಜುರಾಂಗ್ ಈಸ್ಟ್
22 ಏಪ್ರಿಲ್ 2007

ಚಿ. ಹಯಗ್ರೀವನಿಗೆ ಆಶೀರ್ವಾದ. ಈ ಪತ್ರವನ್ನು ಸ್ನಾನಕ್ಕೆ ಮೊದಲೇ ಓದಿ ಮುಗಿಸು. ಆಮೇಲೆ ಓದಿದರೆ ಇನ್ನೊಂದು ಸ್ನಾನ ಮಾಡಬೇಕಾಗುತ್ತದೆ.

ಮೂರನೇ ನುಡಿ ಲೋಕದಿಂದಲೇ ಹೋಯಿತು ಅಂತ ನಿನ್ನ ಪತ್ರದಿಂದ ತಿಳಿದು ಎರಡು ದಿನವಾಗಿತ್ತು. ಆಗ ವಿಭಾ ಎರಡು ಟಿಕೆಟ್ ತಂದಳು. ಅವಳ ಬ್ಯಾಂಕಿರುವ ರಾಫೆಲ್ಸ್ ಪ್ಲೇಸಿನಲ್ಲಿ ಈಗ ದುಡ್ಡು ಎಲ್ಲಿ ಇಡುವುದು ಅಂತ ಯಾರಿಗೂ ತಿಳಿಯುತ್ತಿಲ್ಲ. ಸಮುದ್ರಕ್ಕೆ ಮಣ್ಣು ತುಂಬಿದ ಜಾಗದಲ್ಲಿ ಸರಕಾರವೇ ಜೂಜುಕಟ್ಟೆ ಕಟ್ಟಿಸುತ್ತಿದೆ. ಹಾಗಾಗಿ ಅವಳ ಬ್ಯಾಂಕಿನ ನೌಕರರಿಗೆ ವಾರಕ್ಕೊಂದು ಪುಕ್ಕಟೆ ಟಿಕೆಟ್. ಇದರ ಮೇಲೆ "ಅಕ್ಕಿ, ನೀರು, ತಾಳ್ಮೆ: ಜಪಾನಿನ ಪುರಾತನ ಕಲೆಯ ಮ್ಯೂಸಿಯಂ" ಅಂತ ಅಚ್ಚಾಗಿತ್ತು, ಜೊತೆಗೆ ಹಬೆಯಾಡುವ ಅನ್ನದ ಚಿತ್ರ. ಅನ್ನದ ಬಗ್ಗೆ ತಿಳಿದವರು ಯಾರಾದರೂ ಸಿಕ್ಕರೆ ಸಾಕಾಗಿತ್ತು ನನಗೆ. ಜುರಾಂಗ್ ಈಸ್ಟಿನಲ್ಲಿ ಎಂಆರ್‌ಟಿ ರೈಲು ಹತ್ತಿ ಕಲ್ಲಾಂಗಿನಲ್ಲಿ ಇಳಿದೆವು.

ಕಾರ್ಖಾನೆಗಳ ಕಟ್ಟಡವೊಂದರ ನಾಲ್ಕನೇ ಮಹಡಿ. ಒಳಗೆ ಆಳೆತ್ತರದ ಮರದ ಪೀಪಾಯಿಗಳು, ದೋಣಿಯ ಹುಟ್ಟಿನಂಥ ಕೋಲುಗಳು, ಹುಲ್ಲಿನ ಚಪ್ಪಲಿಗಳು. ಒಕಾದಾ ಅನ್ನುವ ವಯಸ್ಸಾದ ಜಪಾನಿ ಹೆಂಗಸು ಎಲ್ಲವನ್ನೂ ತೋರಿಸಿದರು. ಅವರ ತಂದೆಯೇ ಈ ಕೆಲಸ ಮಾಡಿದವರಂತೆ. ಚಳಿಗಾಲ ಬಂತೆಂದರೆ ದೂರದ ಹಳ್ಳಿಗಳಿಂದ ಗಂಡಸರು ಬರುತ್ತಿದ್ದರು. ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. ಹುದುಗಿದ ಕಾಳು ತಿಂದು ಬರುವಂತಿಲ್ಲ. ಒಳಗೊಂದು ಪುಟ್ಟ ದೇವರ ಗೂಡು, ಅದಕ್ಕೆ ಕೈಮುಗಿದೇ ಅಕ್ಕಿ ಮುಟ್ಟಬೇಕು. ಹೆಂಗಸರಿಗೆ ಆ ಕಾಲದಲ್ಲಿ ಪ್ರವೇಶವಿಲ್ಲ. ನಮ್ಮ ಮಠದ ಅಡುಗೆಮನೆಯೇ ಸರಿ, ಇಷ್ಟು ಶುದ್ಧವಾಗಿ ಇವರು ಯಾವ ದೇವರಿಗೆ ನೈವೇದ್ಯ ಮಾಡುತ್ತಿದ್ದರೋ ಅಂತ ನಾನು ಜಲಜಾಳಿಗೆ ಕನ್ನಡದಲ್ಲಿ ವಿವರಿಸುತ್ತಾ ಹೋದೆ. ಅವಳು ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದಳು. ಅನ್ನಕ್ಕೆ ಬೂಷ್ಟು ಹತ್ತಿಸುವ ಕೋಣೆಗೆ ಬಂದಾಗ ನನ್ನ ವಿಜ್ಞಾನಕ್ಕೆ ಎಚ್ಚರವಾಯಿತು. ಬೂಷ್ಟು, ಸಕ್ಕರೆ, ಹುದುಗು, ಆಮೇಲೆ? ಹತ್ತನೇ ಕ್ಲಾಸಿನ ಪಾಠ. ಇವರು ಮಾಡುತ್ತಿದ್ದುದು ಸಾಕೆ, ಹಯಗ್ರೀವ. ಅಕ್ಕಿಯ ಹೆಂಡ. ನಿನ್ನ ಅಕ್ಕನನ್ನು ನಾನು ಸಕಲ ಮರ್ಯಾದೆಗಳೊಂದಿಗೆ ಹೆಂಡದ ಮ್ಯೂಸಿಯಮ್ಮಿಗೆ ಕರೆತಂದಿದ್ದೆ.

ವಾಪಸು ಹೊರಡೋಣ ಅನ್ನುವಷ್ಟರಲ್ಲಿ ಅವಳು ಗೋಡೆಯ ಮೇಲಿನ ಗುಂಡಿ ಒತ್ತಿಬಿಟ್ಟಳು. ಗಂಡಸರ ಗುಂಪೊಂದು ಹಾಡಲು ಶುರುಮಾಡಿತು. ಹಳೆಯ ರೆಕಾರ್ಡು. ಒಕಾದಾ ಹೇಳಿದರು, ಒಳಗೆ ಗಡಿಯಾರ ಇರಲಿಲ್ಲ, ಕೋಲು ಹಿಡಿದು ಕಲಸುವವರು ಹಾಡು ಹೇಳುತ್ತಿದ್ದರು, ಹಾಡು ಮುಗಿದರೆ ಆ ಕೆಲಸ ಮುಗಿದಂತೆ.

ನಾನು ಅನುವಾದ ಮಾಡಲಿಲ್ಲ. ರೆಕಾರ್ಡು ನಿಂತಿತು. ಜಲಜಾ ಆ ಖಾಲಿ ಪೀಪಾಯಿಯತ್ತ ನೋಡಿ, "ಆಯ್ತು, ಇಳಿಸಿ" ಅಂದಳು.

ಹಾಡಿನಲ್ಲಿ ಒಂದು ನುಡಿ ಮರೆತರೆ ನಿಮ್ಮ ತಂದೆಯವರು ಏನು ಮಾಡುತ್ತಿದ್ದರು ಅಂತ ಒಕಾದಾರನ್ನು ಕೇಳಿದೆ. ಅವರು ನಕ್ಕರು. ಅಪ್ಪನ ಗುಂಪಿನವರು ಆಗ ತಮ್ಮ ಊರಿಗೆ ವಾಪಸು ಹೋಗುವ ದಾರಿಯ ಹಳ್ಳಿಗಳ ಹೆಸರನ್ನು ಅದೇ ಧಾಟಿಗೆ ಸೇರಿಸುತ್ತಿದ್ದರಂತೆ. ಪದ ಯಾವುದಾದರೇನು, ಹೊತ್ತು ಸರಿಯಾಗಿ ಕಳೆದರೆ ಆಯಿತು ಅಂದರು. ಇದನ್ನು ಮಾತ್ರ ಅನುವಾದ ಮಾಡಿದೆ.

ಈಗ ಸ್ನಾನದ ವಿಷಯ. ಕೊನೆಗೆ ಒಕಾದಾ ಹೂಜಿ ಹಿಡಿದು ಪುಟ್ಟ ಬಟ್ಟಲುಗಳಿಗೆ ಸಾಕೆ ಬಗ್ಗಿಸಲು ಬಂದರು. ಗೂಡಿನಲ್ಲಿ ದೇವರು, ಹಾಡು, ಸ್ನಾನ ಮಾಡಿದ ಅರ್ಚಕರು, ಎಲ್ಲ ಆದಮೇಲೆ ಹೂಜಿ. ಜಲಜಾ ಬಟ್ಟಲು ಮುಟ್ಟಲಿಲ್ಲ. ಬಲ ಅಂಗೈ ಗುಳಿ ಮಾಡಿ, ಕೆಳಗೆ ಸೆರಗು ಹಿಡಿದು, ತಲೆ ಬಗ್ಗಿಸಿ ನಿಂತಳು. ನಾನು ಬಾಯಿ ತೆರೆದೆ. "ಸುಮ್ನಿರಿ, ತೀರ್ಥ ಬೇಡ ಅನ್ನಬಾರ್ದು" ಅಂದಳು. ಒಕಾದಾ ಒಂದು ಕ್ಷಣ ತಡೆದು, ಭಕ್ತಿಯಿಂದ ಅಂಗೈಗೆ ಬಗ್ಗಿಸಿದರು. ಮೂರು ಸಲ. ಮೂರು ಸಲವೂ ಸದ್ದಿಲ್ಲದೆ ಕುಡಿದು ಅಂಗೈಯನ್ನು ತಲೆಗೆ ಒರೆಸಿಕೊಂಡಳು. ಹಿಂದೆ ನಿಂತಿದ್ದ ಬ್ಯಾಂಕಿನ ನಾಲ್ಕು ಜನ ಇದೇ ಕ್ರಮ ಅಂದುಕೊಂಡು ಸಾಲಾಗಿ ಅಂಗೈ ಒಡ್ಡಿದರು. ಆ ಸಾಲಿನಲ್ಲಿ ಐದನೆಯವನು ಯಾರು ಅಂತ ನೀನು ಕೇಳಬಾರದು.

ವಾಪಸಿನ ಗಾಡಿಯಲ್ಲಿ ಅವಳಿಗೆ ಬಹಳ ಗೆಲುವು. ಬಾಗಿಲ ಮೇಲೆ ಒಂದೊಂದೇ ಸ್ಟೇಷನ್ನಿನ ಹೆಸರು ಕೂಗುತ್ತಿದ್ದಂತೆ ಮೆಲ್ಲಗೆ ಶುರುಮಾಡಿದಳು: "ಕಲ್ಲಾಂಗ್ ಬಂತು ಲ್ಯಾವೆಂಡರ್ ಬಂತು ಏಳು ಬಾರೊ ರಂಗಯ್ಯ." ಬುಗಿಸ್, ಸಿಟಿ ಹಾಲ್, ರಾಫೆಲ್ಸ್ ಪ್ಲೇಸ್, ತಾಂಜೊಂಗ್ ಪಗಾರ್, ಔಟ್ರಮ್ ಪಾರ್ಕ್, ತಿಯೊಂಗ್ ಬಾರು, ರೆಡ್‌ಹಿಲ್, ಕ್ವೀನ್ಸ್‌ಟೌನ್, ಕಾಮನ್‌ವೆಲ್ತ್, ಬೋನಾ ವಿಸ್ತಾ, ಕ್ಲೆಮೆಂಟಿ. "ಜುರಾಂಗ್ ಈಸ್ಟಿಗೆ ಬಂತು ಗಾಡಿ, ಬಸಿಯೊ ಗಂಜಿ ರಂಗಯ್ಯ." ನಿಮ್ಮಮ್ಮನ ಧಾಟಿಯೇ. ಕೈಗಡಿಯಾರ ನೋಡಿಕೊಂಡೆ. ಅನ್ನ ಬೇಯುವಷ್ಟು ಹೊತ್ತು ಸರಿಯಾಗಿ.

ಇತಿ, ಐದನೆಯವನು,
ಸೇತುರಾಮ

---

ಮೈಸೂರು
10-5-2007

ಭಾವನವರಿಗೆ ನಮಸ್ಕಾರ.

ಪತ್ರವನ್ನು ಸ್ನಾನವಾದ ಮೇಲೆ ಓದಿದೆ. ಇನ್ನೊಂದು ಸ್ನಾನ ಮಾಡಿದೆ. ಮೂರು ಸಲ ತೆಗೆದುಕೊಂಡಳಲ್ಲ, ಕ್ರಮ ತಪ್ಪಲಿಲ್ಲ ಎಂಬುದೊಂದು ಸಮಾಧಾನ.

ಒಂದು ಮುಖ್ಯ ವಿಷಯ. ಪಕ್ಕದ ಮನೆಯ ಅನಂತರಾಮ್ ಇಂಟರ್‌ನೆಟ್ಟಿನಿಂದ ತಮ್ಮ ಊರಿನ ರೈಲುನಕ್ಷೆ ತೆಗೆದುಕೊಟ್ಟರು. ಬೋನಾ ವಿಸ್ತಾಕ್ಕೂ ಕ್ಲೆಮೆಂಟಿಗೂ ನಡುವೆ ಡೋವರ್ ಎಂಬ ನಿಲ್ದಾಣವಿದೆ. ತಮ್ಮ ಪಟ್ಟಿಯಲ್ಲಿ ಅದು ಬಿಟ್ಟುಹೋಗಿದೆ. ಹಾಡಿನಲ್ಲೂ ಬಿಟ್ಟಿದ್ದರೆ ಅನ್ನ ಅರೆಬೆಂದೀತು. ಕೂಡಲೇ ಸೇರಿಸತಕ್ಕದ್ದು.

ನಕ್ಷೆಯನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ದಿನಾ ಹನ್ನೊಂದು ಗಂಟೆಗೆ ಓದುತ್ತೇನೆ.

ವಿಧೇಯ,
ಹಯಗ್ರೀವ

---

ಜುರಾಂಗ್ ಈಸ್ಟ್
3 ಜುಲೈ 2007

ಚಿ. ಹಯಗ್ರೀವ,

ಒಲೆ ಮುಂದೆಯೂ ಈಗ ಅದೇ ಸ್ಟೇಷನ್ನುಗಳ ಹಾಡು. ಡೋವರ್ ಸೇರಿಸಿದೆವು. ಸೇರಿಸಿದವಳು ಮೊಮ್ಮಗಳು ಸಂಹಿತಾ. "ಅಜ್ಜಿ, ಡೋವರ್ ಮರ್ತೆ ಲಾ" ಅಂತ ಈ ಊರಿನವರ ರಾಗದಲ್ಲಿ ಹಾಲಿನಿಂದಲೇ ಕೂಗುತ್ತಾಳೆ. ಎರಡು ತಿಂಗಳು ನಾವು ತಿಂದ ಅನ್ನ, ಏನು ಹೇಳಲಿ, ಒಂದೊಂದು ಅಗುಳೂ ಟಿಕೆಟ್ ತೆಗೆದುಕೊಂಡ ಪ್ರಯಾಣಿಕನ ಹಾಗೆ ಬಿಡಿಬಿಡಿಯಾಗಿ ಕೂತಿರುತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಅಂದಿದ್ದಕ್ಕೆ ಮೊನ್ನೆ ನನಗೆ ಬೈಗುಳ ಸಿಕ್ಕಿತು, ಅದೂ ಏಕವಚನದಲ್ಲಿ. ವಿಭಾ ಕೂಡ ಆಫೀಸಿನಿಂದ ಫೋನು ಮಾಡುವುದನ್ನು ದಿನಕ್ಕೆ ಆರರಿಂದ ಎರಡಕ್ಕೆ ಇಳಿಸಿದ್ದಾಳೆ.

ಎರಡು ತಿಂಗಳು ಅಂದೆನಲ್ಲ. ಹೋದ ವಾರದಿಂದ ಅವಳು ಒಮ್ಮೊಮ್ಮೆ ಕ್ವೀನ್ಸ್‌ಟೌನಿನಲ್ಲೇ ಇಳಿದುಬಿಡುತ್ತಾಳೆ. ಅಷ್ಟಕ್ಕೇ ಅನ್ನ ಬಸಿಯುತ್ತಾಳೆ. ಒಳಗೆ ಸಣ್ಣ ಗಟ್ಟಿ ಉಳಿದಿರುತ್ತದೆ. ನಾನು ಅಗಿಯುತ್ತೇನೆ. ಹಲ್ಲು ಕಟ್ಟಿಸಿಕೊಂಡಿದ್ದಕ್ಕೆ ಈಗಲಾದರೂ ಉಪಯೋಗವಾಯಿತು. ವಿಭಾಳಿಗೆ ಹೇಳಿಲ್ಲ. ಅವಳಿಗೆ ರಾತ್ರಿ ಚಪಾತಿ.

ನಿನಗೆ ಎರಡು ಸಾಲು ಬರಿ ಅಂತ ಜಲಜಾಳ ಕೈಗೆ ಪೆನ್ನು ಕೊಟ್ಟೆ. ಬಹಳ ಹೊತ್ತು ಯೋಚಿಸಿ ಬರೆದದ್ದು ಕೆಳಗಿದೆ. ನಾನು ತಿದ್ದಿಲ್ಲ.

ಇತಿ, ಸೇತುರಾಮ

ಹಯಗ್ರೀವಾ, ಹನ್ನೊಂದರ ಗಾಡಿ ಹೋದಮೇಲೇ ಆಡಲು ಹೋಗು. ಹಳಿ ದಾಟಬೇಡ. ಅನ್ನ ಆಗಿದೆ.

---

ಜುರಾಂಗ್ ಈಸ್ಟ್
18 ಸೆಪ್ಟೆಂಬರ್ 2007

ಪ್ರೀತಿಯ ಹಯಗ್ರೀವ ಮಾಮಾ,

ನಾನು ವಿಭಾ. ಕನ್ನಡ ಬರೆದು ತುಂಬಾ ವರ್ಷ ಆಯ್ತು, ಸ್ಪೆಲ್ಲಿಂಗ್ ನೋಡಿ ನಗಬೇಡಿ. ಅಪ್ಪ ಬರೀತಾ ಇಲ್ಲ, ಸೋ ನಾನೇ ಬರೀತಿದೀನಿ.

ಹೋದ ಗುರುವಾರ ಅಮ್ಮ ಅನ್ನಕ್ಕಿಟ್ಟಿದ್ರು. ಅಪ್ಪ ಬಾತ್‌ರೂಮಲ್ಲಿದ್ರು, ಹಾಡು ಕೇಳಿಸ್ತಾನೇ ಇತ್ತಂತೆ, ಸೋ ರಿಲ್ಯಾಕ್ಸ್ ಆಗಿದ್ರು. ರೆಡ್‌ಹಿಲ್ ತನಕ ಸರಿಯಾಗಿ ಬಂತಂತೆ. ಆಮೇಲೆ ಕ್ವೀನ್ಸ್‌ಟೌನ್ ಬದಲು ಮೈಸೂರು ಕಡೆ ಲೈನಿನ ಸಾಗರಕಟ್ಟೆ ಅಂದ್ರಂತೆ. ದೋರ್ನಹಳ್ಳಿ, ಕೃಷ್ಣರಾಜನಗರ, ಹಾಗೇ ಹೇಳ್ಕೊಂಡು ಅಕ್ಕಿಹೆಬ್ಬಾಳು ಬಂತು ಅಂತ ಒಲೆ ಬಿಟ್ಟು ಹೊರಗೆ ಬಂದು, ಚಪ್ಪಲಿ ಹಾಕ್ಕೊಂಡು, ಬಾಗಿಲು ತೆಗೆದು ಲಿಫ್ಟ್ ಮುಂದೆ ನಿಂತಿದ್ದಾರೆ. ಪಾತ್ರೆ ಪಕ್ಕದ ಬಟ್ಟೆಗೆ ಬೆಂಕಿ ಹತ್ತಿತ್ತು. ಅಪ್ಪ ಒದ್ದೆ ಮೈಯಲ್ಲೇ ಓಡಿ ಬಂದು ಆರಿಸಿದ್ರು. ಅಪ್ಪನ ಕೈಗೆ ಸ್ವಲ್ಪ ಸುಟ್ಟಿದೆ, ಸೀರಿಯಸ್ ಏನಲ್ಲ.

ಗ್ಯಾಸ್ ಡಿಸ್‌ಕನೆಕ್ಟ್ ಮಾಡಿಸ್ದೆ ಮಾಮಾ. ನನಗೆ ಬೇರೆ ದಾರಿ ಇರ್ಲಿಲ್ಲ. ಅಪ್ಪ ಜಗಳ ಆಡ್ತಾರೆ ಅಂದ್ಕೊಂಡಿದ್ದೆ. ಅವರು "ಸರಿ ಕಣಮ್ಮ" ಅಂದ್ರು. ಜಗಳ ಆಡಿದ್ರೆ ಚೆನ್ನಾಗಿತ್ತು.

ಅಕ್ಕಿಹೆಬ್ಬಾಳಲ್ಲಿ ಆ ಮನೆ ಈಗಲೂ ಇದ್ಯಾ? ನೀವು ಹೋಗಿ ಒಂದು ಫೋಟೋ ತೆಗೆದು ಕಳಿಸ್ತೀರಾ? ಅಮ್ಮನಿಗೆ ತೋರಿಸೋಣ ಅಂತ.

ನಿಮ್ಮ,
ವಿಭಾ

---

ಮೈಸೂರು
7-10-2007

ಭಾವನವರಿಗೆ,

ವಿಭಾಳ ಪತ್ರ ತಲುಪಿದ ಮಾರನೆಯ ದಿನವೇ ಅಕ್ಕಿಹೆಬ್ಬಾಳಿಗೆ ಹೋಗಿದ್ದೆ. ಅಗಲದ ಹಳಿ ಹಾಕುವಾಗ ಕ್ವಾರ್ಟರ್ಸು ಕೆಡವಿದ್ದಾರೆ. ಬಾವಿ ಇದೆ, ಮುಚ್ಚಿದ್ದಾರೆ. ಅಡುಗೆಮನೆ ಇದ್ದಲ್ಲಿ ಜಲ್ಲಿ ರಾಶಿ. ಫೋಟೋ ತೆಗೆಯಲಿಲ್ಲ. ನನಗೆ ಕ್ಯಾಮೆರಾ ಬಳಸಲು ಬರುವುದಿಲ್ಲ ಎಂದು ವಿಭಾಳಿಗೆ ಹೇಳಿಬಿಡಿ.

ಮೂರು ವರ್ಷದ ಹಿಂದೆ ಪ್ಲಾಟ್‌ಫಾರ್ಮಿನಲ್ಲಿ ನಾನು ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಹಿಂದಿನ ದಿನ ನಮ್ಮ ಮನೆಯಲ್ಲಿ ಅಕ್ಕ ಸಾರಿಗೆ ನಾಲ್ಕು ಸಲ ಉಪ್ಪು ಹಾಕಿದ್ದಳು. ತಾವು ಆ ಸಾರನ್ನು ಎರಡನೇ ಸಲ ಬಡಿಸಿಕೊಂಡು ತಿಂದಿರಿ. ನೋಡುತ್ತಿದ್ದೆ. ತಮಗೂ ಗೊತ್ತಾಗಿದೆ ಎಂದು ತಿಳಿದು ನಾನು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಏನಾಗುತ್ತಿತ್ತೋ ತಿಳಿಯದು. ಏನೂ ಆಗುತ್ತಿರಲಿಲ್ಲ ಎಂದು ಅನಂತರಾಮ್ ಹೇಳುತ್ತಾರೆ.

ತಮ್ಮ ಕೈ ಹೇಗಿದೆ? ಬರಬೇಕೆಂದಿದೆ. ಕಿವಿಯ ಡಾಕ್ಟರು ವಿಮಾನ ಹತ್ತಕೂಡದು ಎನ್ನುತ್ತಾರೆ. ಹಳಿ ಇದ್ದಿದ್ದರೆ ಬರುತ್ತಿದ್ದೆ.

ಹಯಗ್ರೀವ

---

ಜುರಾಂಗ್ ಈಸ್ಟ್
2 ಡಿಸೆಂಬರ್ 2007

ಚಿ. ಹಯಗ್ರೀವನಿಗೆ ಆಶೀರ್ವಾದಗಳು. ಹಿಂದಕ್ಕೆ ಕಳಿಸಬೇಡ, ಈಗ ಇಲ್ಲಿ ತೆಗೆದುಕೊಳ್ಳುವವರು ಕಡಿಮೆ.

ಕೈ ವಾಸಿಯಾಗಿದೆ. ಮನೆಯ ದಿನಚರಿಯಲ್ಲಿ ಆಗಿರುವ ಸುಧಾರಣೆಗಳನ್ನು ವರದಿ ಮಾಡುತ್ತೇನೆ.

ಗ್ಯಾಸು ತೆಗೆಸಿದ ಮೇಲೆ ಅವಳು ಒಂಬತ್ತು ದಿನ ಅಡುಗೆಮನೆ ಬಾಗಿಲಲ್ಲಿ ನಿಂತಳು, ಒಳಗೆ ಹೋಗಲಿಲ್ಲ. ಹಾಲಿನಲ್ಲಿ ನನ್ನನ್ನು ಕೂರಿಸಿ, ನಿಮ್ಮ ಮನೆಯವರು ಊರಲ್ಲಿದ್ದಾರಾ ಅಂತ ವಿಚಾರಿಸಿದಳು. ಹೌದು, ಊರಲ್ಲಿದ್ದಾರೆ ಅಂದೆ. ಹತ್ತನೇ ದಿನ ನಾನೇ ಅಕ್ಕಿ ತೊಳೆದು, ನೀರು ಹಾಕಿ, ಪಾತ್ರೆಯನ್ನು ಒಲೆಯ ಮೇಲಿಟ್ಟು, ಹತ್ತಿಸಿದ್ದೇನೆ ಬಾ ಅಂದೆ. ಬಂದಳು. ಒಲೆ ಉರಿಯುತ್ತಿದೆಯೋ ಇಲ್ಲವೋ ಅಂತ ಅವಳು ಬಗ್ಗಿ ನೋಡಲಿಲ್ಲ. ಹಾಡು ಶುರುಮಾಡಿದಳು.

ಅಂದಿನಿಂದ ದಿನಾ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ತಣ್ಣೀರಿನಲ್ಲಿ ಅನ್ನವಾಗುತ್ತದೆ. ನಾನು ಹಿಂದೆ ನಿಂತಿರುತ್ತೇನೆ. ಕಲ್ಲಾಂಗಿನಿಂದ ಹೊರಟ ಗಾಡಿ ಕೆಲವು ದಿನ ಬುಗಿಸಿಗೇ ನಿಲ್ಲುತ್ತದೆ, ಕೆಲವು ದಿನ ಕೃಷ್ಣರಾಜನಗರ ದಾಟುತ್ತದೆ. ಎಲ್ಲಿ ಇಳಿದರೂ "ಆಯ್ತು, ಬಸೀರಿ" ಅನ್ನುತ್ತಾಳೆ. ನಾನು ಎರಡು ಬಟ್ಟೆ ಹಿಡಿದು, ಮುಖ ಸೊಟ್ಟ ಮಾಡಿ, ಸ್ಸ್ ಅನ್ನುತ್ತಾ ತಣ್ಣೀರನ್ನು ಬಸಿಯುತ್ತೇನೆ. ರೂಮಿನಲ್ಲಿ ರೈಸ್ ಕುಕ್ಕರ್ ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿರುತ್ತದೆ. ಅದನ್ನು ತಂದು ಬದಲಾಯಿಸುತ್ತೇನೆ. ನೆನೆದ ಅಕ್ಕಿ ರುಬ್ಬಿ ಮಾರನೇ ದಿನಕ್ಕೆ ಕರೆಂಟಿನ ಕಾವಲಿಯ ಮೇಲೆ ದೋಸೆ. ಎರಡು ತಿಂಗಳಿಂದ ದಿನಾ ದೋಸೆಯೇ, ಸಂಹಿತಾಳಿಗೆ ಇದಕ್ಕಿಂತ ಸುಖದ ಕಾಲ ಬಂದಿಲ್ಲ. ಇಷ್ಟೆಲ್ಲ ಮೋಸ ಮಾಡಲು ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನಿಗೆ ನಾಚಿಕೆಯಾಗಬೇಕು. ಅದಕ್ಕೆ ಬಿಡುವು ಸಿಕ್ಕಿಲ್ಲ.

ನಿನ್ನೆ ಏನೋ ಯೋಚನೆಯಲ್ಲಿದ್ದೆ. ನೀನು ಬರೆದ ಜಲ್ಲಿ ರಾಶಿಯ ಯೋಚನೆ ಇರಬೇಕು. ಬಟ್ಟೆ ಮರೆತು ಬರಿಗೈಯಲ್ಲೇ ಪಾತ್ರೆ ಎತ್ತಿದೆ. ಸ್ಸ್ ಅನ್ನುವುದನ್ನೂ ಮರೆತೆ. ಜಲಜಾ ತಿರುಗಿದಳು. ಎಷ್ಟೋ ದಿನದ ಮೇಲೆ ನೆಟ್ಟಗೆ ನನ್ನ ಮುಖ ನೋಡಿದಳು.

"ಯಾಕ್ರೀ, ಕೈ ಸುಡ್ಲಿಲ್ವಾ?"

ಸುಟ್ಟಿತು ಅಂದೆ.

ಬುದ್ಧಿ ಎಲ್ಲಿಟ್ಟಿದೀರಿ, ಈ ವಯಸ್ಸಿಗೂ ಒಂದು ಪಾತ್ರೆ ಇಳಿಸೋಕೆ ಬರಲ್ಲ ಅಂತ ಬಯ್ಯುತ್ತಾ ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋಗಿ ನಲ್ಲಿ ಬಿಟ್ಟಳು. ನಾನು ಸಾಕು ಅನ್ನೋವರೆಗೆ ತೆಗೀಬೇಡಿ ಅಂದಳು. ಹಿಡಿದುಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಹಾಲಿಗೆ ಹೋಗಿ ಸೋಫಾದ ಮೇಲೆ ಕೂತು ಕಿಟಕಿಯಾಚೆ ನೋಡತೊಡಗಿದಳು. ಸಾಕು ಅನ್ನಲು ಮರೆತಳು.

ನಾನು ತೆಗೆಯಲಿಲ್ಲ ಹಯಗ್ರೀವ. ಕಲ್ಲಾಂಗಿನಿಂದ ಶುರುಮಾಡಿ ಒಂದೊಂದೇ ಸ್ಟೇಷನ್ ಹೇಳಿಕೊಂಡೆ. ಡೋವರನ್ನೂ ಬಿಡಲಿಲ್ಲ.

ಇತಿ,
ಸೇತುರಾಮ